ಪ್ರಾರ್ಥನೆ ಬಾಯಿಗೆ ಬರುತ್ತಿಲ್ಲ, ತಪ್ಪು ದಾರಿ ಮಾತ್ರ ಚೆನ್ನಾಗಿ ಕಾಣುತ್ತಿದೆ

ಮೂರನೇ ಬೆಂಚು · ಭಾನುವಾರ ರಾತ್ರಿ 1:50

ಎಲ್ಲರಿಗೂ ವಂದನೆ. ಎರಡು ವರ್ಷದಿಂದ ನೀವೆಲ್ಲ ಬರೆದದ್ದನ್ನು ಸುಮ್ನೆ ಓದುತ್ತಾ ಬಂದಿದ್ದೇನೆ. ಬರೆಯುತ್ತಿರುವುದು ಇದೇ ಮೊದಲು.

ನನ್ನ ಹೆಂಡತಿ ಹನ್ನೊಂದು ತಿಂಗಳಿಂದ ಹಾಸಿಗೆ ಹಿಡಿದಿದ್ದಾಳೆ. ಕಾಯಿಲೆಯ ಹೆಸರು ಇಲ್ಲಿ ಬೇಡ. ಚಿಕಿತ್ಸೆ ನಡೆಯುತ್ತಿದೆ, ಯಾವಾಗ ಮುಗಿಯುತ್ತದೆ ಅಂತ ಯಾರೂ ಹೇಳುತ್ತಿಲ್ಲ. ಕೂಡಿಟ್ಟ ಹಣ ಖಾಲಿಯಾಯಿತು. ಮೊದಮೊದಲು ಸಾಲ ಕೊಟ್ಟವರು ಈಗ ಫೋನ್ ಎತ್ತುವುದಿಲ್ಲ. ಅವರ ಮೇಲೆ ನನಗೇನೂ ಕೋಪವಿಲ್ಲ.

ನಾನು ಕೆಲಸ ಮಾಡುವ ಕಡೆ ಬಿಲ್ಲುಗಳಿಗೆ ಸಹಿ ಹಾಕುವವನು ನಾನೇ. ಹೋದ ವಾರ ಸರಕು ಕೊಡುವವರೊಬ್ಬರು ಪಕ್ಕಕ್ಕೆ ಕರೆದರು. ಬಿಲ್ಲಿನಲ್ಲಿ ಸ್ವಲ್ಪ ಜಾಸ್ತಿ ತೋರಿಸುತ್ತೇನೆ, ನೀವು ಸಹಿ ಹಾಕಿ, ಆ ಜಾಸ್ತಿಯಲ್ಲಿ ಅರ್ಧ ನಿಮಗೆ ಅಂದರು. "ನಿಮ್ಮ ಮನೆ ಕಷ್ಟ ನನಗೆ ಗೊತ್ತು ಸಾರ್" ಅಂತಲೂ ಸೇರಿಸಿದರು. ಬಯ್ದು ಕಳಿಸಬೇಕಿತ್ತು. ನಾನು "ನೋಡೋಣ" ಅಂದೆ.

ನನ್ನ ನಿದ್ದೆ ಕೆಡಿಸಿರುವುದು ಆ ಮಾತಲ್ಲ. ಅವತ್ತು ಬೆಳಿಗ್ಗೆಯಷ್ಟೇ ಮೊಣಕಾಲೂರಿ ಹಣಕ್ಕಾಗಿ ಪ್ರಾರ್ಥಿಸಿದ್ದೆ. ಸಂಜೆಗೆ ಇದು ಬಂತು. ಇದೇ ಉತ್ತರ ಇರಬಹುದಾ ಅಂತ ಮನಸ್ಸು ಕೇಳುತ್ತಿದೆ. ಅಲ್ಲ ಅಂತ ಗೊತ್ತು. ಆದರೂ ಕೇಳುತ್ತಿದೆ.

ಅಂದಿನಿಂದ ಪ್ರಾರ್ಥನೆ ಬಾಯಿಗೆ ಬರುತ್ತಿಲ್ಲ. ಕಣ್ಣು ಮುಚ್ಚಿದರೆ ಲೆಕ್ಕ ಬರುತ್ತದೆ. ಇಂಥ ಹೊತ್ತಿನಲ್ಲಿ ನೀವು ಹೇಗೆ ಪ್ರಾರ್ಥಿಸುತ್ತೀರಿ? ಉಪದೇಶ ಬೇಡ, ದಯವಿಟ್ಟು. ಹೇಗೆ ಅಂತ ಹೇಳಿ.

ಸಾಸಿವೆಕಾಳು · ರಾತ್ರಿ 2:15

ಬ್ರದರ್, ನನಗೂ ನಿದ್ದೆ ಬಂದಿರಲಿಲ್ಲ, ನಿಮ್ಮ ಮಾತು ಕಣ್ಣಿಗೆ ಬಿತ್ತು. ನಿಮ್ಮಿಬ್ಬರಿಗಾಗಿ ಈಗಲೇ ಪ್ರಾರ್ಥಿಸಿದೆ. ಮಿಕ್ಕದ್ದು ಬೆಳಿಗ್ಗೆ ಬರೆಯುತ್ತೇನೆ. ಈಗ ಮಲಗಿ.

ಜಯದ ಬಾವುಟ · ಬೆಳಿಗ್ಗೆ 6:05

ಪ್ರೈಸ್ ದ ಲಾರ್ಡ್ ಬ್ರದರ್! "ಬರುತ್ತಿಲ್ಲ, ಆಗುತ್ತಿಲ್ಲ" ಅನ್ನುವ ಸೋಲಿನ ಮಾತು ವಿಶ್ವಾಸಿಯ ಬಾಯಲ್ಲಿ ಬರಲೇಬಾರದು. ನಂಬಿಕೆ ಇದ್ದರೆ ಬೆಟ್ಟವೂ ಜರುಗುತ್ತದೆ. 21 ದಿನ ಉಪವಾಸ ಪ್ರಾರ್ಥನೆ ಹಿಡಿಯಿರಿ. ಸಿಸ್ಟರ್ ಈಗಾಗಲೇ ಗುಣವಾಗಿದ್ದಾರೆ ಅಂತ ಬಾಯಿಬಿಟ್ಟು ಹೇಳಿ. ಸಂಶಯ ಇದ್ದಲ್ಲಿ ಉತ್ತರ ಬರುವುದಿಲ್ಲ.

ಹಳೇ ಛತ್ರಿ · ಬೆಳಿಗ್ಗೆ 6:40

ಬಾವುಟ ತಮ್ಮಾ, ನಿನ್ನ ಉತ್ಸಾಹಕ್ಕೆ ಕಡಿಮೆಯಿಲ್ಲ. ಆದರೆ ಹನ್ನೊಂದು ತಿಂಗಳು ರೋಗಿಯ ಪಕ್ಕ ಎದ್ದು ಕೂತವನಿಗೆ ಇನ್ನೂ 21 ದಿನ ಊಟ ಬಿಡು ಅನ್ನುವುದಾ? ಮೊದಲು ಅವನಿಗೆ ಯಾರಾದರೂ ಊಟ ಹಾಕಬೇಕು.

ಸೋಲಿನ ಮಾತು ಬರಬಾರದು ಅಂದೆಯಲ್ಲ. ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಬಂದ ಮಾತು ಯಾವುದು? "ನನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆ" ಅಂದದ್ದು ಯಾರು? ಯೇಸು ಅಲ್ಲಿ ಏನನ್ನೂ ಘೋಷಿಸಲಿಲ್ಲ. ನೆಲಕ್ಕೆ ಬೋರಲು ಬಿದ್ದರು. ಈ ಪಾತ್ರೆ, ಅಂದರೆ ಬರಲಿರುವ ಸಂಕಟ, ನನ್ನಿಂದ ಆಚೆ ಹೋಗಲಿ ಅಂತ ಬೇಡಿಕೊಂಡರು. ಎದ್ದು ಹೋಗಿ ನೋಡಿದರೆ ಸ್ನೇಹಿತರು ನಿದ್ದೆ. ಮತ್ತೆ ಬಂದು ಬೇಡಿದರು. ಮತ್ತಾಯ ಬರೆದದ್ದನ್ನು ಗಮನಿಸಿ: ಮೂರನೇ ಸಲವೂ ಅದೇ ಮಾತನ್ನು ಹೇಳಿ ಪ್ರಾರ್ಥಿಸಿದರು ಅಂತಿದೆ. ದೇವರ ಮಗನಿಗೇ ಆ ರಾತ್ರಿ ಹೊಸ ಮಾತು ಬೇಕಾಗಲಿಲ್ಲ. ಹಾಗಿರುವಾಗ ನಮ್ಮ ಮೂರನೇ ಬೆಂಚಿಗೆ ಯಾಕೆ ಬೇಕು?

ಮೂರನೇ ಬೆಂಚು, ನಿನಗೆ ಮಾತು ಬರುತ್ತಿಲ್ಲ ಅಂದರೆ ಬೇರೆಯವರ ಮಾತನ್ನು ಸಾಲ ತೆಗೆದುಕೊ. ಈ ಸಾಲ ತೀರಿಸಬೇಕಾಗಿಲ್ಲ. ಬೈಬಲ್‌ನ ಕೀರ್ತನೆಗಳಲ್ಲಿ 13ನೆಯದು ತೆಗೆ. ಆರೇ ವಚನ. ಬರೆದವನು ಮೊದಲ ಎರಡು ವಚನದಲ್ಲೇ "ಎಷ್ಟರವರೆಗೆ" ಅಂತ ನಾಲ್ಕು ಸಲ ಕೇಳಿದ್ದಾನೆ. ದೇವರ ಮುಖಕ್ಕೇ ಕೇಳಿದ್ದಾನೆ, ನನ್ನನ್ನು ಮರೆತುಬಿಟ್ಟೆಯಾ ಅಂತ. ಅದು ಸಂಶಯ ಅಂತ ಯಾರೂ ಆ ಹಾಳೆ ಹರಿದು ಹಾಕಲಿಲ್ಲ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರವೂ ಇಲ್ಲ. ಅದೂ ಬೈಬಲ್‌ನಲ್ಲೇ ಇದೆ.

ಮಂಡಿಯೂರಲು ಆಗದಿದ್ದರೆ ಕೂತು ಓದು. ಗಟ್ಟಿಯಾಗಿ ಓದು. ಕಣ್ಣು ಮುಚ್ಚಬೇಡ, ಲೆಕ್ಕ ಬರುತ್ತದೆ ಅಂದೆಯಲ್ಲ.

ಸಾಸಿವೆಕಾಳು · ಬೆಳಿಗ್ಗೆ 9:30

ಛತ್ರಿ ಅಣ್ಣ ಹೇಳಿದ್ದಕ್ಕೆ ನನ್ನದೂ ಒಂದಿಷ್ಟು.

ನಮ್ಮ ಅಮ್ಮನನ್ನು ನಾಲ್ಕು ವರ್ಷ ನೋಡಿಕೊಂಡೆ. ಕೊನೆಯ ಒಂದು ವರ್ಷ ಅವರಿಗೆ ನನ್ನ ಗುರುತೇ ಸಿಗುತ್ತಿರಲಿಲ್ಲ. ಆ ದಿನಗಳಲ್ಲಿ ನಾನು ಅರ್ಧ ಗಂಟೆ ಕೂತು ಪ್ರಾರ್ಥಿಸಿದ್ದು ನೆನಪೇ ಇಲ್ಲ. ಹಾಸಿಗೆಯ ಬಟ್ಟೆ ಬದಲಿಸುತ್ತಾ ಒಂದೇ ಸಾಲು ಹೇಳುತ್ತಿದ್ದೆ: "ದೇವರೇ, ಬೇಗ ಬಾ, ನನಗೆ ಸಹಾಯಮಾಡು." ಅದು 70ನೇ ಕೀರ್ತನೆಯ ಮೊದಲ ವಚನದಿಂದ ಬಂದದ್ದು ಅಂತ ಎಷ್ಟೋ ಕಾಲದ ಮೇಲೆ ಗೊತ್ತಾಯಿತು. ಅದಕ್ಕಿಂತ ಆಶ್ಚರ್ಯ ಅಂದರೆ, 1,600 ವರ್ಷಗಳ ಹಿಂದೆ ಜಾನ್ ಕ್ಯಾಸಿಯನ್ ಅನ್ನುವ ಸಂನ್ಯಾಸಿ ಈಜಿಪ್ಟಿನ ಮರುಭೂಮಿಯ ಹಿರಿಯರಿಂದ ಕಲಿತು ಬರೆದಿಟ್ಟದ್ದೂ ಇದೇ ವಚನ. ಸಿಟ್ಟು ಬಂದಾಗ, ಆಸೆ ಬಂದಾಗ, ನಿದ್ದೆ ಬಾರದಾಗ, ಮನಸ್ಸು ಒಣಗಿದಾಗ, ಎಲ್ಲದಕ್ಕೂ ಇದನ್ನೇ ಹೇಳಿ ಅಂತ ಆ ಹಿರಿಯರ ಪಾಠ. ನಾನು ಓದಿ ಕಲಿತದ್ದಲ್ಲ. ಸಾಕಾಗಿ ಹೋಗಿದ್ದಾಗ ಬಾಯಿಗೆ ಬಂದದ್ದು.

ಸಣ್ಣ ಪ್ರಾರ್ಥನೆಗೆ ಒಂದು ಗುಣವಿದೆ. ಅದರೊಳಗೆ ಲೆಕ್ಕ ನುಗ್ಗಲು ಜಾಗವಿಲ್ಲ. ಉದ್ದ ಪ್ರಾರ್ಥನೆಯಲ್ಲಿ ನಾನು ದೇವರಿಗೆ ಸಲಹೆ ಕೊಡಲು ಶುರುಮಾಡುತ್ತಿದ್ದೆ. ಹೀಗೆ ಮಾಡು, ಆಮೇಲೆ ಹಾಗೆ ಮಾಡು ಅಂತ. ಐದು ಪದದಲ್ಲಿ ಸಲಹೆ ಕೊಡಲು ಆಗುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ಪ್ರವಾದಿ ಎಲೀಯ ಸಾಕಪ್ಪಾ ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ ಮರದ ಕೆಳಗೆ ಮಲಗಿದನಲ್ಲ. ದೇವರು ಮೊದಲು ಏನು ಮಾಡಿದರು? ತಪ್ಪು ಹುಡುಕಲಿಲ್ಲ. ನಿದ್ದೆ ಕೊಟ್ಟರು. ಎಬ್ಬಿಸಿ ಊಟ ಕೊಟ್ಟರು. ಮತ್ತೆ ನಿದ್ದೆ, ಮತ್ತೆ ಊಟ. ಮಾತುಕತೆ ಎಲ್ಲ ಆಮೇಲೆ. ಬ್ರದರ್, ರಾತ್ರಿ ಎರಡು ಗಂಟೆಗೆ ಏನನ್ನೂ ತೀರ್ಮಾನ ಮಾಡಬೇಡಿ. ಆ ಹೊತ್ತಿನಲ್ಲಿ ನನಗೆ ಬಂದ ಯಾವ ಯೋಚನೆಯೂ ಬೆಳಿಗ್ಗೆ ಸರಿ ಅನ್ನಿಸಿದ್ದಿಲ್ಲ.

ಅರ್ಧ ನಂಬಿಕೆ · ಮಧ್ಯಾಹ್ನ 12:20

ಬೇಜಾರಾದರೆ ಕ್ಷಮಿಸಿ, ಯಾರಾದರೂ ಇದನ್ನು ಹೇಳಲೇಬೇಕು.

ನನ್ನ ಅಕ್ಕನ ಮಗುವಿಗಾಗಿ ನಮ್ಮ ಚರ್ಚಿನ ಇಡೀ ಸಭೆ ಪ್ರಾರ್ಥಿಸಿತು. 40 ದಿನ. ಸರದಿ ಹಾಕಿಕೊಂಡು, ಹಗಲು ರಾತ್ರಿ. ಮಗು ಉಳಿಯಲಿಲ್ಲ. ಆಮೇಲೆ ಒಬ್ಬರು ಮನೆಗೆ ಬಂದು "ನಿಮ್ಮಲ್ಲಿ ಎಲ್ಲೋ ನಂಬಿಕೆ ಕಡಿಮೆಯಾಗಿತ್ತು" ಅಂದರು. ಅಕ್ಕ ಅವತ್ತಿನಿಂದ ಸಭೆಗೆ ಹೋಗಿಲ್ಲ. ನಾನು ಹೋಗುತ್ತೇನೆ, ಆದರೆ ಹಿಂದೆ ಕೂರುತ್ತೇನೆ.

ಹಾಗಾಗಿ ಬಾವುಟ ಅವರ ಮಾತು ಓದಿ ಮೈ ಉರಿಯಿತು. ನೀವು ಹೇಳಿದಂತೆ ಆಗದಿದ್ದರೆ ನೀವು ನಿಮ್ಮ ಪಾಡಿಗೆ ಹೋಗುತ್ತೀರಿ. ಆ ಭಾರ ಹೊರುವವರು ಅವರು.

ಮತ್ತೆ ಛತ್ರಿ ಅವರಿಗೂ ಒಂದು ಪ್ರಶ್ನೆ. ಗೆತ್ಸೇಮನೆ ಅಂದಿರಿ. ಅಲ್ಲೂ ಕೇಳಿದ್ದು ಸಿಗಲಿಲ್ಲವಲ್ಲ. ಪಾತ್ರೆ ಹೋಗಲಿಲ್ಲ. ಹಾಗಾದರೆ ಪ್ರಾರ್ಥಿಸಿ ಆದದ್ದಾದರೂ ಏನು?

ಜಯದ ಬಾವುಟ · ಮಧ್ಯಾಹ್ನ 1:10

ನಿಮ್ಮ ಅಕ್ಕನಿಗೆ ಹಾಗೆ ಹೇಳಿದ್ದು ತಪ್ಪು. ನಾನು ಆ ಅರ್ಥದಲ್ಲಿ ಬರೆದಿರಲಿಲ್ಲ. ಆದರೆ ಓದಿದರೆ ಹಾಗೇ ಕೇಳಿಸುತ್ತದೆ ಅಂತ ಈಗ ಅನ್ನಿಸುತ್ತಿದೆ. ಮೂರನೇ ಬೆಂಚು ಅವರೇ, ಉಪವಾಸದ ಮಾತು ವಾಪಸ್. ನಿಮ್ಮ ಬದಲು ನಾನು ಮಾಡುತ್ತೇನೆ.

ಹಳೇ ಛತ್ರಿ · ಸಂಜೆ 5:15

ಶಹಬ್ಬಾಸ್ ಬಾವುಟ.

ಅರ್ಧ ನಂಬಿಕೆಯವರೇ, ನಿಮ್ಮ ಪ್ರಶ್ನೆಗೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ಇದೆ ಅನ್ನುವವರನ್ನು ನಾನು ನಂಬುವುದೂ ಇಲ್ಲ. ಮಗುವಿನ ವಿಷಯದಲ್ಲಿ ನಾನು ಬಾಯಿ ತೆರೆಯುವುದಿಲ್ಲ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅಲ್ಲಿವರೆಗೂ ಅವರು ಒಳ್ಳೆಯ ಸ್ನೇಹಿತರು. ಬಾಯಿ ತೆರೆದ ಮೇಲೆ ಕೆಟ್ಟರು.

ಗೆತ್ಸೇಮನೆಯ ಬಗ್ಗೆ ಮಾತ್ರ ಒಂದು. ಇಬ್ರಿಯರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ, ಯೇಸು ಕಣ್ಣೀರು ಸುರಿಸುತ್ತಾ ಗಟ್ಟಿಯಾಗಿ ಕೂಗಿ ಬೇಡಿದರು, ಆ ಪ್ರಾರ್ಥನೆ ಕೇಳಲ್ಪಟ್ಟಿತು ಅಂತಿದೆ. ಕೇಳಲ್ಪಟ್ಟಿತು! ಮರುದಿನ ಶಿಲುಬೆಗೆ ಹಾಕಿದ್ದಾರೆ. ಆ ವಚನದ ಮುಂದೆ ನಾನು ಮೂವತ್ತು ವರ್ಷದಿಂದ ನಿಂತಿದ್ದೇನೆ. "ಕೇಳಿದರು" ಅನ್ನುವುದಕ್ಕೆ ನನ್ನ ಅರ್ಥ ಬೇರೆ, ಅದನ್ನು ಬರೆದವರ ಅರ್ಥ ಬೇರೆ ಅಂತ ಮಾತ್ರ ಗೊತ್ತಾಗಿದೆ. ತೋಟಕ್ಕೆ ಬರುವಾಗ ನಡುಗುತ್ತಿದ್ದವರು, ಹಿಡಿಯುವವರು ಬಂದಾಗ ಏಳಿ ಹೋಗೋಣ ಅಂದರು. ಪಾತ್ರೆ ಅದೇ. ಹಿಡಿದ ಕೈ ನಡುಗುತ್ತಿರಲಿಲ್ಲ.

ಅಪೊಸ್ತಲ ಪೌಲನದೂ ಇದೇ ಕಥೆ. ಶರೀರದಲ್ಲಿ ಚುಚ್ಚಿದ ಮುಳ್ಳನ್ನು ತೆಗೆ ಅಂತ ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ. ನನ್ನ ಕೃಪೆ ನಿನಗೆ ಸಾಕು ಅನ್ನುವ ಮಾತು ಬಂತು. ಆ ಮುಳ್ಳು ಏನು ಅಂತ ಅವನು ಹೇಳಲೂ ಇಲ್ಲ. ಒಳ್ಳೆಯದೇ ಆಯಿತು, ಎಲ್ಲರೂ ತಮ್ಮ ತಮ್ಮ ಮುಳ್ಳನ್ನು ಅಲ್ಲಿಟ್ಟು ಓದಬಹುದು.

ದೀಪದೆಣ್ಣೆ · ರಾತ್ರಿ 8:45

ನನಗೆ ಪದಗಳ ಹುಚ್ಚು, ಹಾಗಾಗಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ.

ನಾವು ಪ್ರತಿದಿನ ಹೇಳುವ ಕರ್ತನ ಪ್ರಾರ್ಥನೆಯಲ್ಲಿ "ನಮ್ಮನ್ನು ಶೋಧನೆಗೆ ಸೇರಿಸದೆ" ಅಂತಿದೆಯಲ್ಲ. ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದ ಪೈರಾಸ್ಮೋಸ್. ಅದಕ್ಕೆ ಕಷ್ಟದಲ್ಲಿ ಒರೆಗೆ ಹಚ್ಚುವುದು ಅನ್ನುವ ಅರ್ಥವೂ ಇದೆ, ಪಾಪದ ಕಡೆ ಎಳೆಯುವುದು ಅನ್ನುವ ಅರ್ಥವೂ ಇದೆ. ಕನ್ನಡ ಬೈಬಲ್‌ನ "ಶೋಧನೆ" ಆ ಎರಡನ್ನೂ ಒಟ್ಟಿಗೇ ಹಿಡಿದುಕೊಂಡಿದೆ. ಮೂರನೇ ಬೆಂಚು ಅವರ ಪರಿಸ್ಥಿತಿ ನೋಡಿ. ಹೆಂಡತಿಯ ಕಾಯಿಲೆ ಒಂದು ಶೋಧನೆ, ಆ ಬಿಲ್ಲು ಇನ್ನೊಂದು. ಎರಡೂ ಒಂದೇ ಬಾಗಿಲಿನಿಂದ ಒಳಗೆ ಬಂದಿವೆ.

ಈ ಸಾಲು ದೊಡ್ಡ ಚರ್ಚೆಯನ್ನೇ ಎಬ್ಬಿಸಿದೆ. ದೇವರೇ ನಮ್ಮನ್ನು ಅಲ್ಲಿಗೆ ತಳ್ಳುತ್ತಾರೆ ಅನ್ನುವ ಹಾಗೆ ಕೇಳಿಸುತ್ತದೆ ಅಂತ ಫ್ರೆಂಚ್ ಕಥೋಲಿಕರು 2017ರ ಡಿಸೆಂಬರ್‌ನಲ್ಲಿ ಪದ ಬದಲಿಸಿದರು. ಶೋಧನೆಯೊಳಗೆ ಹೋಗಲು ನಮ್ಮನ್ನು ಬಿಡಬೇಡ ಅನ್ನುವ ಅರ್ಥಕ್ಕೆ ತಂದರು. ಇಟಲಿಯಲ್ಲಿ 2020ರ ಕೊನೆಗೆ ಹೊಸ ಪೂಜಾ ಪುಸ್ತಕದಲ್ಲಿ "ಶೋಧನೆಗೆ ನಮ್ಮನ್ನು ಬಿಟ್ಟುಕೊಡಬೇಡ" ಅಂತ ಆಯಿತು. ಯಾಕೋಬನ ಪತ್ರವಂತೂ ನೇರವಾಗಿ ಹೇಳುತ್ತದೆ, ದೇವರು ಯಾರನ್ನೂ ಕೆಟ್ಟದ್ದಕ್ಕೆ ಎಳೆಯುವುದಿಲ್ಲ, ಎಳೆಯುವುದು ಅವರವರ ಆಸೆ ಅಂತ. ಹಾಗಾಗಿ ಆ ಬಿಲ್ಲು ಪ್ರಾರ್ಥನೆಗೆ ಬಂದ ಉತ್ತರ ಅಲ್ಲ.

ಇನ್ನೊಂದು ಸೂಕ್ಷ್ಮ. ಲೂಕನ ಸುವಾರ್ತೆಯ 22ನೇ ಅಧ್ಯಾಯದಲ್ಲಿ ಯೇಸು ಶಿಷ್ಯ ಪೇತ್ರನಿಗೆ ಹೇಳುತ್ತಾರೆ: ಸೈತಾನ ನಿಮ್ಮನ್ನು ಗೋದಿಯ ಹಾಗೆ ಜರಡಿ ಹಿಡಿಯಬೇಕು ಅಂತ ಕೇಳಿದ್ದಾನೆ, ಆದರೆ ನಿನ್ನ ನಂಬಿಕೆ ಕುಂದದಿರಲಿ ಅಂತ ನಿನಗೋಸ್ಕರ ಬೇಡಿಕೊಂಡಿದ್ದೇನೆ. ಮೊದಲು "ನಿಮ್ಮನ್ನು", ಆಮೇಲೆ "ನಿನಗೋಸ್ಕರ". ಗ್ರೀಕ್‌ನಲ್ಲೂ ಹೀಗೇ ಬಹುವಚನ, ಏಕವಚನ. ಜರಡಿ ಎಲ್ಲರಿಗೂ. ಪ್ರಾರ್ಥನೆ ಹೆಸರು ಹಿಡಿದು, ಒಬ್ಬನಿಗೆ. ಅದೂ ಪೇತ್ರ ಯೇಸುವನ್ನು ಅರಿಯೆ ಅನ್ನುವ ಮೊದಲೇ.

ಕೆಂಪು ಶಾಯಿ · ರಾತ್ರಿ 11:30

ಇದನ್ನು ಬರೆಯಲೋ ಬೇಡವೋ ಅಂತ ಸಂಜೆಯಿಂದ ಯೋಚಿಸಿದೆ.

ತಮ್ಮಾ, ನೀನು ಸಹಿ ಹಾಕಿಲ್ಲ. ನಾನು ಹಾಕಿದ್ದೆ.

ನನ್ನದೂ ಲೆಕ್ಕದ ಕೆಲಸವೇ. ಮನೆಯಲ್ಲಿ ಕಷ್ಟ, ಕೈಗೆ ಸಿಗುವ ಹಣ. ತಿಂಗಳ ಕೊನೆಗೆ ವಾಪಸ್ ಇಡುತ್ತೇನೆ ಅಂತ ತೆಗೆದೆ. ನಿಜ ಹೇಳುತ್ತೇನೆ, ತೆಗೆಯುವ ಮೊದಲು ಪ್ರಾರ್ಥನೆ ಮಾಡಿದ್ದೆ. "ಕರ್ತನೇ, ದಾರಿ ತೆರೆದದ್ದಕ್ಕೆ ಸ್ತೋತ್ರ" ಅಂದಿದ್ದೆ. ಇವತ್ತಿಗೂ ಆ ಮಾತು ನೆನಪಾದರೆ ನಾಚಿಕೆ. ಕಳ್ಳತನಕ್ಕಿಂತ ಆ ಸ್ತೋತ್ರಕ್ಕೆ ಜಾಸ್ತಿ ನಾಚಿಕೆ.

ಆಮೇಲೆ ಏನಾಯಿತು ಗೊತ್ತಾ? ಯಾರೂ ಹಿಡಿಯಲಿಲ್ಲ. ಮಿಂಚು ಹೊಡೆಯಲಿಲ್ಲ. ಆದರೆ ಪ್ರಾರ್ಥನೆ ನಿಂತು ಹೋಯಿತು. ನಿನ್ನ ಹಾಗೆ ಬಾಯಿಗೆ ಬರದೆ ಅಲ್ಲ. ಬಾಯಿಗೆ ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು, ಸಭೆಯಲ್ಲಿ ಎದ್ದು ನಿಂತು ಮಾಡುತ್ತಿದ್ದೆ. ಒಳಗೆ ಯಾರೂ ಇರಲಿಲ್ಲ. ನಿನ್ನ ಈ ಒದ್ದಾಟ ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತದೆ. ಬಾಯಿ ಕಟ್ಟಿದೆ ಅಂದರೆ ಒಳಗೆ ಇನ್ನೂ ಜೀವ ಇದೆ ಅಂತ ಅರ್ಥ.

ಆಗ ನನಗೆ ಯಾರೂ ಹೇಳದೇ ಇದ್ದದ್ದನ್ನು ಈಗ ನಿನಗೆ ಹೇಳುತ್ತೇನೆ. ಅರಣ್ಯದಲ್ಲಿ ಯೇಸುವಿಗೆ ಬಂದ ಮೊದಲ ಶೋಧನೆ ರೊಟ್ಟಿಯದು. 40 ದಿನದ ಹಸಿವು. ರೊಟ್ಟಿ ಕೇಳುವುದು ಪಾಪವಾ? ಅಲ್ಲವೇ ಅಲ್ಲ, ದಿನದ ರೊಟ್ಟಿ ಕೊಡು ಅಂತ ಕೇಳಲು ಕಲಿಸಿದವರು ಅವರೇ. ಶೋಧನೆ ಬರುವುದು ಹೀಗೇ, ನ್ಯಾಯವಾದ ಹಸಿವನ್ನು ಮುಂದಿಟ್ಟುಕೊಂಡು. ನಿನ್ನ ಹೆಂಡತಿಯ ಔಷಧಿ ನ್ಯಾಯವಾದದ್ದು. ಅದನ್ನೇ ಹಿಡಿದು ಎಳೆಯುತ್ತಿದೆ. ಎರಡನೆಯ ಸಲ ಸೈತಾನ ಮಾತಾಡಿದ್ದು ವಚನದಲ್ಲೇ, 91ನೇ ಕೀರ್ತನೆಯಿಂದ. ಹಾಗಾಗಿ "ದೇವರು ದಾರಿ ತೆರೆದರು" ಅನ್ನುವ ಭಾಷೆ ಕೇಳಿದರೆ ಈಗ ನಾನು ಎರಡು ಸಲ ನೋಡುತ್ತೇನೆ.

ನಿನಗೆ ಸರಿಯಾಗಿ ಹೊಂದುವ ಪ್ರಾರ್ಥನೆ ಒಂದಿದೆ. ಬೈಬಲ್‌ನ ಜ್ಞಾನೋಕ್ತಿ 30ರಲ್ಲಿ ಆಗೂರ ಅನ್ನುವವನದು. ನನಗೆ ಬಡತನವೂ ಬೇಡ, ಸಿರಿತನವೂ ಬೇಡ, ಬೇಕಾದಷ್ಟು ಮಾತ್ರ ಕೊಡು ಅಂತ ಕೇಳುತ್ತಾನೆ. ಯಾಕೆ? ಬಡವನಾದರೆ ಕದ್ದೇನು ಅಂತ. ಎಷ್ಟು ಸಲೀಸಾಗಿ ಒಪ್ಪಿಕೊಂಡಿದ್ದಾನೆ ನೋಡು! ನಾನು ಒಳ್ಳೆಯವನು, ನಾನು ಕದಿಯುವವನಲ್ಲ ಅಂತ ಶುರುಮಾಡಲಿಲ್ಲ. ನನ್ನ ಕೈಯನ್ನು ನಾನೇ ನಂಬುವುದಿಲ್ಲ ಅಂದ. ನೀನೂ ಅಷ್ಟೇ ಹೇಳು. "ದೇವರೇ, ನಾನು ಕದ್ದುಬಿಡುತ್ತೇನೆ ಅಂತ ಹೆದರಿಕೆಯಾಗಿದೆ." ಅದು ಪೂರ್ತಿ ಪ್ರಾರ್ಥನೆ.

ಹೇಳಿ ಆದ ಮೇಲೆ ಎದ್ದು ಓಡು. ಯೋಸೇಫ ತನ್ನನ್ನು ಪಾಪಕ್ಕೆ ಕರೆದ ಯಜಮಾನ ಪೋಟೀಫರನ ಹೆಂಡತಿಯ ಎದುರು ಕೂತು ಪ್ರಾರ್ಥನೆ ಮಾಡಲಿಲ್ಲ, ಮೇಲುಹೊದಿಕೆ ಬಿಟ್ಟು ಓಡಿದ. ಸರಿ ಮಾಡಿದ್ದಕ್ಕೆ ಅವನಿಗೆ ಸಿಕ್ಕಿದ್ದು ಜೈಲು, ಅದನ್ನೂ ಮುಚ್ಚಿಡುವುದಿಲ್ಲ. ನಿನ್ನ ವಿಷಯದಲ್ಲಿ ಓಡುವುದು ಅಂದರೆ ಆ ಮನುಷ್ಯನಿಗೆ "ಆಗಲ್ಲ" ಅನ್ನುವುದು, ಬಿಲ್ಲುಗಳಿಗೆ ಇನ್ನೊಬ್ಬರ ಸಹಿಯೂ ಇರಲಿ ಅಂತ ಮೇಲಿನವರನ್ನು ಕೇಳುವುದು. ಮತ್ತೆ ಹೆಂಡತಿಗೆ ಹೇಳುವುದು. ಕೊನೆಯದು ಕಷ್ಟ. ಅದನ್ನೇ ಮೊದಲು ಮಾಡು.

ನನ್ನ ಕಥೆ ಮುಗಿಸಿಬಿಡುತ್ತೇನೆ. ಆರು ವರ್ಷದ ಮೇಲೆ ಹೋಗಿ ಒಪ್ಪಿಕೊಂಡೆ. ಕೆಲಸ ಹೋಯಿತು. ಸುಂಕದವನಾದ ಜಕ್ಕಾಯ ಮೋಸದಿಂದ ತೆಗೆದದ್ದಕ್ಕೆ ನಾಲ್ಕರಷ್ಟು ಕೊಟ್ಟ, ನನಗೆ ತೆಗೆದದ್ದನ್ನು ತೀರಿಸಲೇ ಮೂರು ವರ್ಷ ಹಿಡಿಯಿತು. ಒಪ್ಪಿಕೊಂಡ ರಾತ್ರಿ ಪಶ್ಚಾತ್ತಾಪದ 51ನೇ ಕೀರ್ತನೆ ಓದಲು ಕೂತು ಎರಡನೇ ವಚನ ದಾಟಲಿಲ್ಲ. ಅಳು. ಪ್ರಾರ್ಥನೆ ವಾಪಸ್ ಬಂದದ್ದು ಹಾಗೆ.

ಅರ್ಧ ನಂಬಿಕೆ · ರಾತ್ರಿ 11:55

ಶಾಯಿ ಅಣ್ಣ, ಇದನ್ನು ಬರೆದದ್ದಕ್ಕೆ ಥ್ಯಾಂಕ್ಸ್. ಇಂಥ ಸಾಕ್ಷಿಯನ್ನು ಸಭೆಯಲ್ಲಿ ಯಾಕೆ ಯಾರೂ ಹೇಳುವುದಿಲ್ಲ?

ಕೆಂಪು ಶಾಯಿ · ರಾತ್ರಿ 11:58

ನಾನೂ ಹೇಳಿಲ್ಲ. ಇಲ್ಲಿ ಮುಖ ಕಾಣುವುದಿಲ್ಲ, ಅದಕ್ಕೆ.

ಮೂರನೇ ಬೆಂಚು · ಮಂಗಳವಾರ ರಾತ್ರಿ 12:40

ಎಲ್ಲವನ್ನೂ ಓದಿದೆ. ಶಾಯಿ ಅಣ್ಣನದನ್ನು ಎರಡು ಸಲ.

"ದೇವರೇ, ನಾನು ಕದ್ದುಬಿಡುತ್ತೇನೆ ಅಂತ ಹೆದರಿಕೆಯಾಗಿದೆ" ಅಂತ ಅಡುಗೆಮನೆಯಲ್ಲಿ ನಿಂತು ಹೇಳಿದೆ. ಗಟ್ಟಿಯಾಗಿ ಹೇಳಲು ಆಗಲಿಲ್ಲ, ಅವಳು ಎಚ್ಚರವಾಗಿದ್ದಳು. ಹೇಳಿ ಆದ ಮೇಲೆ ಏನೂ ಅನ್ನಿಸಲಿಲ್ಲ. ಸಮಾಧಾನ ಇಲ್ಲ, ಬೆಳಕು ಇಲ್ಲ. ಆದರೆ ಲೆಕ್ಕ ನಿಂತಿತು. ಸ್ವಲ್ಪ ಹೊತ್ತು.

ಏನೂ ಅನ್ನಿಸದಿದ್ದರೆ ಪ್ರಾರ್ಥನೆ ಆದ ಹಾಗಾ?

ಜಪಸರ · ಬೆಳಿಗ್ಗೆ 7:20

ಆದ ಹಾಗೆ. ನೂರಕ್ಕೆ ನೂರು.

ನಾನು ಕಥೋಲಿಕಳು, ನೀವೆಲ್ಲ ಕೀರ್ತನೆ ಎಣಿಸಿದರೆ ನಾನು ಮಣಿ ಎಣಿಸುತ್ತೇನೆ. ಇವತ್ತು ಮಂಗಳವಾರ, ಜಪಸರದಲ್ಲಿ ದುಃಖದ ರಹಸ್ಯಗಳ, ಅಂದರೆ ಯೇಸುವಿನ ಸಂಕಟದ ಘಟನೆಗಳನ್ನು ನೆನೆಯುವ ದಿನ. ಐದರಲ್ಲಿ ಮೊದಲನೆಯದು ಗೆತ್ಸೇಮನೆಯೇ. ಏನಾದರೂ ಅನ್ನಿಸಲೇಬೇಕು ಅಂದುಕೊಂಡಿದ್ದರೆ ಎಷ್ಟೋ ವರ್ಷದ ಹಿಂದೆಯೇ ಬಿಟ್ಟುಬಿಡುತ್ತಿದ್ದೆ. ಬೆರಳಿಗೆ ಮಣಿ ಸಿಗುತ್ತದೆ, ಅದು ಸಾಕು ಅನ್ನುವ ದಿನಗಳೇ ಜಾಸ್ತಿ.

ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಎಷ್ಟೋ ಜನ ಬೆಚ್ಚಿದರು. ಹೆಚ್ಚುಕಡಿಮೆ 50 ವರ್ಷ ಅವರಿಗೆ ಪ್ರಾರ್ಥನೆಯಲ್ಲಿ ದೇವರ ಹತ್ತಿರ ಇದ್ದೇನೆ ಅನ್ನಿಸಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ಎದ್ದು ಪ್ರಾರ್ಥಿಸುತ್ತಿದ್ದರು, ರೋಗಿಗಳ ಹತ್ತಿರ ಹೋಗುತ್ತಿದ್ದರು. ಸ್ಪೇನಿನ ಸಂತೆ ಆವಿಲದ ತೆರೇಸಾ ಕೂಡ ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೋ ಅಂತ ಕಾಯುತ್ತಿದ್ದೆ ಅಂತ ಬರೆದುಕೊಂಡಿದ್ದಾರೆ. ಸಂತರಾದವರೇ ಹೀಗೆ!

ಸಾಸಿವೆಕಾಳು ಅಕ್ಕ ರಾತ್ರಿ ತೀರ್ಮಾನ ಮಾಡಬೇಡಿ ಅಂದರಲ್ಲ, ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲ 1548ರಲ್ಲಿ ಅಚ್ಚಾದ ಪುಸ್ತಕದಲ್ಲಿ ಇದನ್ನೇ ನಿಯಮವಾಗಿ ಬರೆದಿದ್ದಾರೆ. ಮನಸ್ಸು ಬರಡಾಗಿ ಕತ್ತಲಾಗಿರುವಾಗ, ಮುಂಚೆ ಬೆಳಕಿನಲ್ಲಿ ಮಾಡಿದ ತೀರ್ಮಾನವನ್ನು ಬದಲಿಸಬೇಡ. ಮೋಸ ಮಾಡುವುದಿಲ್ಲ ಅನ್ನುವುದು ನಿಮ್ಮ ಹಳೇ ತೀರ್ಮಾನ ಅಲ್ವಾ? ಅದನ್ನು ಬದಲಿಸುವ ಹೊತ್ತು ಇದಲ್ಲ. ಅವರ ಇನ್ನೊಂದು ಮಾತು, ಈ ಮರುಳುಮಾಡುವವನು ಗುಟ್ಟು ಕಾಪಾಡು ಅಂತಾನೆ, ಗುಟ್ಟನ್ನು ಒಳ್ಳೆಯವರೊಬ್ಬರಿಗೆ ಹೇಳಿಬಿಟ್ಟರೆ ಅವನ ಆಟ ಕೆಡುತ್ತದೆ ಅಂತ. ಹೆಂಡತಿಗೆ ಹೇಳಲು ಆಗದಿದ್ದರೆ ನಿಮ್ಮ ಪಾಸ್ಟರ್‌ಗಾದರೂ ಹೇಳಿ. ನಮ್ಮಲ್ಲಾದರೆ ಪಾಪನಿವೇದನೆಗೆ ಹೋಗಿ ಎಂದುಬಿಡುತ್ತಿದ್ದೆ.

ದೀಪದೆಣ್ಣೆ · ಬೆಳಿಗ್ಗೆ 8:00

ಇಲ್ಲಿ ಇನ್ನೂ ಯಾರೂ "ಮಣಿ ಎಣಿಸುವುದು ಸರಿಯಾ" ಅಂತ ಜಗಳ ಶುರುಮಾಡಿಲ್ಲ. ಅದೇ ದೊಡ್ಡ ಸಂತೋಷ. ಅಂದ ಹಾಗೆ, ಹಳೇ ಲ್ಯಾಟಿನ್ ಬೈಬಲ್ ಹಿಡಿದವರಿಗೆ 13ನೇ ಕೀರ್ತನೆ 12 ಆಗಿರುತ್ತದೆ, 70 ಹೋಗಿ 69. ಎಣಿಕೆ ಬೇರೆ, ಅಳು ಒಂದೇ.

ಮೂರನೇ ಬೆಂಚು · ಹತ್ತು ದಿನದ ಮೇಲೆ, ರಾತ್ರಿ 10:30

ತಡವಾಯಿತು. ನಡುವೆ ಅವಳನ್ನು ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಈಗ ಮನೆಗೆ ಬಂದಿದ್ದಾಳೆ.

ಅವಳಿಗೆ ಹೇಳಿದೆ. ಪಾಸ್ಟರ್‌ಗೆ ಅಲ್ಲ, ಅವಳಿಗೇ. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಗೋಡೆ ಕಡೆ ತಿರುಗಿ ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ "ನನ್ನ ಹೆಸರು ಹೇಳಿ ಕದಿಯಬೇಡಿ" ಅಂದಳು. ಅಷ್ಟೇ. ಶಾಯಿ ಅಣ್ಣ, ನೀವು ರೊಟ್ಟಿಯ ಬಗ್ಗೆ ಹೇಳಿದ್ದನ್ನು ಅವಳು ಆರು ಪದದಲ್ಲಿ ಮುಗಿಸಿದಳು. ಆರಲ್ಲ, ಐದು. ಐದೂ ಅಲ್ಲ, ನಾಲ್ಕೇ. ಲೆಕ್ಕದವನಾಗಿ ಇದನ್ನೂ ತಪ್ಪಿದೆ.

ಸರಕು ಕೊಡುವವರಿಗೆ ಆಗುವುದಿಲ್ಲ ಅಂದೆ. ಕೈ ನಡುಗುತ್ತಿತ್ತು, ಛತ್ರಿ ಅಣ್ಣ. ಎರಡನೇ ಸಹಿಗೆ ಮೇಲಿನವರನ್ನು ಕೇಳಿದೆ. ಯಾಕೆ ಅಂತ ಅನುಮಾನದಿಂದ ನೋಡಿದರು. ಒಬ್ಬನೇ ನೋಡುವುದು ಕಷ್ಟ, ಮನೆಯಲ್ಲಿ ಕಾಯಿಲೆ, ತಪ್ಪಾದೀತು ಅಂದೆ. ಅದೂ ಸುಳ್ಳಲ್ಲ. ಒಪ್ಪಿದರು.

ಹಣ ಬಂತಾ ಅಂತ ಕೇಳಿದರೆ ಇಲ್ಲ. ಸಭೆಯವರು ಒಂದಿಷ್ಟು ಸೇರಿಸಿ ಕೊಟ್ಟರು, ಒಂದು ತಿಂಗಳಿಗೆ ಆಗುತ್ತದೆ. ಅದರಾಚೆಯದು ಗೊತ್ತಿಲ್ಲ. ಪವಾಡದ ಸಾಕ್ಷಿ ಏನೂ ಇಲ್ಲ ನನ್ನ ಹತ್ತಿರ. ಅವಳ ವರದಿಗಳೂ ಹಾಗೇ ಇವೆ.

ಒಂದೇ ಬದಲಾವಣೆ. ಈಗ ರಾತ್ರಿ ಅವಳಿಗೆ ನಿದ್ದೆ ಬಾರದಾಗ 13ನೇ ಕೀರ್ತನೆ ಇಬ್ಬರೂ ಓದುತ್ತೇವೆ. "ಎಷ್ಟರವರೆಗೆ" ಬಂದ ಕಡೆ ಅವಳು ಗಟ್ಟಿಯಾಗಿ ಹೇಳುತ್ತಾಳೆ. ಬಯ್ಯುವ ಹಾಗೆ. ಮೊನ್ನೆ ನಾಲ್ಕನೇ ಸಲಕ್ಕೆ ನಗು ಬಂದುಬಿಟ್ಟಿತು ಇಬ್ಬರಿಗೂ. ಯಾಕೆ ಅಂತ ಗೊತ್ತಿಲ್ಲ.

ಅರ್ಧ ನಂಬಿಕೆ · ರಾತ್ರಿ 10:50

ಆ ನಗುವಿನ ಮಾತನ್ನು ಅಕ್ಕನಿಗೆ ಓದಿ ಹೇಳಿದೆ. ಎಷ್ಟನೇ ಕೀರ್ತನೆ ಅಂದೆ ಅಂತ ಕೇಳಿದಳು. ಬೇರೇನೂ ಕೇಳಲಿಲ್ಲ.

ಜಯದ ಬಾವುಟ · ರಾತ್ರಿ 11:05

ಬ್ರದರ್, ನನ್ನ ಉಪವಾಸದ 11ನೇ ದಿನ ಇವತ್ತು. ಮಧ್ಯಾಹ್ನದ ಊಟ ಮಾತ್ರ ಬಿಡುತ್ತಿದ್ದೇನೆ, ದೊಡ್ಡದಾಗಿ ಹೇಳಿಕೊಳ್ಳುವಂಥದ್ದಲ್ಲ. ಘೋಷಣೆ ಏನೂ ಮಾಡುತ್ತಿಲ್ಲ. ನಿಮ್ಮಿಬ್ಬರ ಹೆಸರು ಗೊತ್ತಿಲ್ಲ, "ಮೂರನೇ ಬೆಂಚು ಮತ್ತು ಅವರ ಮನೆಯವರು" ಅನ್ನುತ್ತೇನೆ.

ಮೂರನೇ ಬೆಂಚು · ರಾತ್ರಿ 2:05

ಅಷ್ಟು ಸಾಕು ಬ್ರದರ್.

ಇವತ್ತು ಮತ್ತೆ ಎಚ್ಚರ. 13 ಮುಗಿಯಿತು, ಅವಳಿಗೆ ನೋವು ಜಾಸ್ತಿಯಿದೆ. ಇನ್ನೊಂದು ಓದಿ ಅನ್ನುತ್ತಿದ್ದಾಳೆ. ಯಾರಾದರೂ ಎದ್ದಿದ್ದೀರಾ? ಯಾವುದು ಓದಲಿ?

ಸಾಸಿವೆಕಾಳು · ರಾತ್ರಿ 2:07

ಎದ್ದಿದ್ದೇನೆ. 22 ತೆಗೆಯಿರಿ, ಯೇಸು ಶಿಲುಬೆಯ ಮೇಲೆ ಕೂಗಿದ ಮಾತು ಅದರ ಮೊದಲ ಸಾಲು. ಉದ್ದವಿದೆ, 31 ವಚನ. ಅರ್ಧಕ್ಕೆ ನಿಲ್ಲಿಸಬೇಡಿ, 21 ದಾಟುವವರೆಗೂ ಓದಿ. ನಾನೂ ಇಲ್ಲಿ ಓದುತ್ತಿರುತ್ತೇನೆ.